ಬಸ್ಸಿಗೆ ಲೆಕ್ಕ ಉಂಟು, ದೋಣಿಗೇಕೆ ಇಲ್ಲ?

ಕೆಂಪು ಬಸ್ಸು ಹತ್ತಿದರೆ ಒಳಗೆ ಎಷ್ಟು ಸೀಟು ಎಂದು ಬರೆದಿರುತ್ತದೆ. ಲಾರಿಯ ಬಾಗಿಲ ಮೇಲೆ ಖಾಲಿ ತೂಕ ಎಷ್ಟು, ತುಂಬಿದ ತೂಕ ಎಷ್ಟು ಎಂದು ಬಣ್ಣದಲ್ಲಿ ಬರೆಸಿರುತ್ತಾರೆ. ಪೇಟೆಯ ಆಸ್ಪತ್ರೆಯ ಲಿಫ್ಟಿನೊಳಗೂ ಇಷ್ಟು ಜನ, ಇಷ್ಟು ಕೆ.ಜಿ. ಎಂಬ ಫಲಕ ಇರುತ್ತದೆ. ನಾವು ಅದನ್ನು ಪಾಲಿಸುತ್ತೇವೋ ಇಲ್ಲವೋ ಬೇರೆ ಮಾತು. ಆದರೆ ಒಂದು ಲೆಕ್ಕ ಅಂತ ಇದೆ. ಅದನ್ನು ಮೀರಿದರೆ ಮೀರಿದ್ದು ಎಂದು ನಮಗೂ ಗೊತ್ತು, ಪೊಲೀಸರಿಗೂ ಗೊತ್ತು.

ಇನ್ನು ನಮ್ಮ ಹೊಳೆ ದಾಟಿಸುವ ದೋಣಿ ನೋಡಿ. ಹಿನ್ನೀರಿನ ಊರುಗಳ ದೋಣಿ, ಕರಾವಳಿಯ ಕಡವಿನ ದೋಣಿ, ರಾಯಚೂರು ಕಡೆ ಕೃಷ್ಣಾ ನಡುಗಡ್ಡೆಗೆ ಹೋಗುವ ತೆಪ್ಪ, ಜಾತ್ರೆಗೆ ಜನರನ್ನು ಸಾಗಿಸಲು ಆ ಎರಡು ದಿನದ ಮಟ್ಟಿಗೆ ಮೀನು ಹಿಡಿಯುವುದನ್ನು ಬಿಟ್ಟು ಬರುವ ಬೋಟು. ಎಷ್ಟರ ಮೇಲೆ ಏನು ಬರೆದಿದೆ? ಎಷ್ಟು ಜನ ಎಂದು ಕೇಳಿದರೆ ಉತ್ತರ ಒಂದೇ: ‘ಹತ್ತಿ, ಇನ್ನೂ ಜಾಗ ಐತೆ.’

ಜಾಗ ಇರುವುದಕ್ಕೂ ದೋಣಿ ತಡೆಯುವುದಕ್ಕೂ ಸಂಬಂಧ ಬಹಳ ಕಡಿಮೆ. ಇದನ್ನು ಹೇಳುವುದಕ್ಕೇ ಈ ಬರಹ. ದೋಣಿ ಯಾಕೆ ತೇಲುತ್ತದೆ, ಯಾಕೆ ಮಗುಚುತ್ತದೆ ಎಂಬುದು ಯಾವ ದೈವದ ಗುಟ್ಟೂ ಅಲ್ಲ. ಸಾಗರ ಎಂಜಿನಿಯರಿಂಗ್ ಎಂಬ ದೊಡ್ಡ ಶಾಸ್ತ್ರವೇ ಇದೆ. ಹಡಗು ನೀರಿನಲ್ಲಿ ಹೇಗೆ ವರ್ತಿಸುತ್ತದೆ ಎಂದು ಜನ ಎರಡೂವರೆ ಶತಮಾನಕ್ಕಿಂತ ಹೆಚ್ಚು ಕಾಲದಿಂದ ಲೆಕ್ಕ ಹಾಕುತ್ತಿದ್ದಾರೆ. ಆ ಲೆಕ್ಕ ದೊಡ್ಡ ಹಡಗುಗಳಿಗೆ ಮುಟ್ಟಿದೆ. ನಮ್ಮ ಕಡವಿಗೆ ಮಾತ್ರ ಮುಟ್ಟಿಲ್ಲ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ವಾಪಸು ಬರುತ್ತಿದ್ದ ದೋಣಿ ಸಮುದ್ರದಲ್ಲಿ ಮಗುಚಿತು. 16 ಜನ ತೀರಿಕೊಂಡರು. ಅದಕ್ಕೆ ಹತ್ತು ವರ್ಷ ಹಿಂದೆ, 2009ರ ಸೆಪ್ಟೆಂಬರ್ 30ರಂದು, ಕೇರಳದ ತೇಕ್ಕಡಿಯಲ್ಲಿ ಪ್ರವಾಸಿಗರ ಎರಡಂತಸ್ತಿನ ದೋಣಿ ಉರುಳಿ 45 ಜನ ಸತ್ತರು. ದಡದಲ್ಲಿ ಕಂಡ ಕಾಡುಪ್ರಾಣಿ ನೋಡಲು ಜನ ಒಂದೇ ಬದಿಗೆ ಸರಿದಿದ್ದರು ಎಂದು ಆಗ ವರದಿಯಾಯಿತು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಜನ. ಅದು ಮೀನುಗಾರಿಕೆ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿದ್ದು. 2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು.

ಪ್ರತಿ ಸಲ ಆಗುವುದು ಒಂದೇ. ದೋಣಿಯವನ ಬಂಧನ, ಪರಿಹಾರದ ಘೋಷಣೆ, ತನಿಖೆಗೆ ಆದೇಶ, ಒಂದೆರಡು ವಾರ ಲೈಫ್ ಜಾಕೆಟ್ ತಪಾಸಣೆ. ‘ಮಿತಿಗಿಂತ ಹೆಚ್ಚು ಜನ ಹತ್ತಿದ್ದೇ ಕಾರಣ’ ಎಂದು ಪತ್ರಿಕೆಯಲ್ಲಿ ಬರುತ್ತದೆ. ಸರಿ, ಆ ಮಿತಿ ಎಷ್ಟಿತ್ತು? ಯಾರು ಅಳೆದಿದ್ದರು? ಎಲ್ಲಿ ಬರೆದಿತ್ತು? ಈ ಪ್ರಶ್ನೆ ಕೇಳುವುದು ನಮ್ಮ ಪತ್ರಕರ್ತರಿಗೂ ಅಭ್ಯಾಸವಿಲ್ಲ.

ಈಗ ಆ ಶಾಸ್ತ್ರವನ್ನು ಸ್ವಲ್ಪ ನೋಡೋಣ. ಗಾಬರಿ ಬೇಡ, ಹುಲ್ಲಿನ ಗಾಡಿ ಹೇರಿದವರಿಗೆ, ತಲೆ ಮೇಲೆ ಕೊಡ ಹೊತ್ತವರಿಗೆ ಇದರಲ್ಲಿ ಅರ್ಧ ಈಗಾಗಲೇ ಗೊತ್ತು.

ದೋಣಿಯ ಮೇಲೆ ಎರಡು ಬಲ ಕೆಲಸ ಮಾಡುತ್ತವೆ. ದೋಣಿ, ಜನ, ಸಾಮಾನು ಎಲ್ಲ ಸೇರಿದ ಭಾರ ಕೆಳಕ್ಕೆ ಎಳೆಯುತ್ತದೆ. ನೀರು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ದೋಣಿ ನೆಟ್ಟಗಿದ್ದಾಗ ಎರಡೂ ಒಂದೇ ಗೆರೆಯಲ್ಲಿ ಇರುತ್ತವೆ. ಈಗ ದೋಣಿ ಬಲಕ್ಕೆ ವಾಲಿತು ಎನ್ನಿ. ಬಲಬದಿಯ ಹೊಟ್ಟೆ ಹೆಚ್ಚು ಮುಳುಗಿತು, ಎಡಬದಿ ಮೇಲೆದ್ದಿತು. ಆಗ ನೀರಿನ ಒತ್ತು ಬಲಕ್ಕೆ ಸರಿಯುತ್ತದೆ. ಹಾಗೆ ಸರಿದ ಒತ್ತು ಭಾರದ ಗೆರೆಗಿಂತ ಆಚೆಗೆ ಹೋದರೆ ದೋಣಿಯನ್ನು ತಳ್ಳಿ ಮತ್ತೆ ನೆಟ್ಟಗೆ ಮಾಡುತ್ತದೆ. ಆದರೆ ಭಾರ ತುಂಬ ಎತ್ತರದಲ್ಲಿ ಕೂತಿದ್ದರೆ, ವಾಲಿದಾಗ ಆ ಭಾರವೇ ನೀರಿನ ಒತ್ತಿಗಿಂತ ಆಚೆ ಹೋಗಿಬಿಡುತ್ತದೆ. ಆಗ ಅದೇ ನೀರು ದೋಣಿಯನ್ನು ಉರುಳಿಸಲು ಕೈ ಜೋಡಿಸುತ್ತದೆ. 1746ರಲ್ಲಿ ಪಿಯೇರ್ ಬೂಗೇರ್ ಎಂಬ ಫ್ರೆಂಚ್ ವಿಜ್ಞಾನಿ ಹಡಗುಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದರ ಲೆಕ್ಕ ಇದೆ. ಹೈದರಾಲಿ ಮೈಸೂರಿನ ಗದ್ದುಗೆ ಹಿಡಿಯುವುದಕ್ಕೂ ಮುಂಚಿನ ಮಾತು ಅದು.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಅಗಲ ಹೆಚ್ಚಿದ್ದಷ್ಟು ದೋಣಿ ಗಟ್ಟಿ. ಅಗಲ ಎರಡರಷ್ಟಾದರೆ ನೀರು ಕೊಡುವ ಆ ಆಸರೆ ಎರಡು ಪಟ್ಟಲ್ಲ, 8 ಪಟ್ಟಾಗುತ್ತದೆ. ನಮ್ಮ ಹರಿಗೋಲು ಬುಟ್ಟಿಯಂತಿದ್ದರೂ ಸುಲಭಕ್ಕೆ ಮಗುಚದಿರಲು ಇದೇ ಕಾರಣ. ಅದು ಅಗಲ, ಜನ ತಳದಲ್ಲೇ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಹಂಪಿ, ಆನೆಗುಂದಿ ಕಡೆಯ ಅಂಬಿಗರು ‘ಕೂತ್ಕೊಳ್ರೀ’ ಎಂದು ಗದರುವುದರಲ್ಲಿ ಬೂಗೇರನ ಪುಸ್ತಕದ ಸಾರ ಇದೆ. ಎರಡನೆಯದು, ಭಾರ ಕೆಳಗಿದ್ದಷ್ಟು ಒಳ್ಳೆಯದು. ಎಷ್ಟು ಭಾರ ಎಂಬುದಕ್ಕಿಂತ ಎಷ್ಟು ಎತ್ತರದಲ್ಲಿ ಎಂಬುದೇ ಎಷ್ಟೋ ಸಲ ಮುಖ್ಯ.

ಒಂದು ಲೆಕ್ಕ ಮಾಡಿ ನೋಡಿ. 6 ಮೀಟರ್ ಉದ್ದ, 2 ಮೀಟರ್ ಅಗಲದ ಒಂದು ದೋಣಿ. ತುದಿಗಳು ಚೂಪಾಗಿರುವುದರಿಂದ ನೀರಿನ ಮಟ್ಟದಲ್ಲಿ ಅದು ಆಕ್ರಮಿಸುವ ಜಾಗ ಸುಮಾರು 8 ಚದರ ಮೀಟರ್ ಎಂದಿಟ್ಟುಕೊಳ್ಳಿ. ಅದು ಒಂದು ಸೆಂಟಿಮೀಟರ್ ಹೆಚ್ಚು ಮುಳುಗಬೇಕಾದರೆ 80 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕು, ಅಂದರೆ 80 ಕೆ.ಜಿ. ಭಾರ ಹತ್ತಬೇಕು. ಚೀಲ ಹಿಡಿದ ಒಬ್ಬ ಆಳು. ಇಬ್ಬರು ಹತ್ತಿದರೆ ಒಂದು ಬೆರಳಿನ ಅಗಲ ದೋಣಿ ಕೆಳಗಿಳಿಯುತ್ತದೆ. ಇದನ್ನು ನೀವೇ ದಡದಲ್ಲಿ ನಿಂತು ನೋಡಬಹುದು.

ಅದೇ ದೋಣಿಯ ಸ್ವಂತ ತೂಕ, ಎಂಜಿನ್ ಸೇರಿ, 500 ಕೆ.ಜಿ. ಎನ್ನಿ. ತಲಾ 60 ಕೆ.ಜಿ.ಯ 20 ಜನ ಹತ್ತಿದರು. ಜನರದ್ದೇ 1,200 ಕೆ.ಜಿ. ಒಟ್ಟು 1,700. ಇವರೆಲ್ಲ ತಳದಲ್ಲಿ ಕೂತಿದ್ದಾರೆ. ಆಚೆ ದಡ ಹತ್ತಿರ ಬಂತು, ಇಳಿಯುವ ಅವಸರ, ಎಲ್ಲರೂ ಎದ್ದು ನಿಂತರು. ಒಬ್ಬೊಬ್ಬರ ಭಾರದ ಕೇಂದ್ರವೂ ಎರಡಡಿಗಿಂತ ಮೇಲೇರಿತು. ದೋಣಿ, ಜನ ಎಲ್ಲ ಸೇರಿ ಲೆಕ್ಕ ಹಾಕಿದರೆ ಒಟ್ಟು ಭಾರದ ಕೇಂದ್ರ ಸುಮಾರು ಒಂದು ಮೊಳ ಮೇಲಕ್ಕೆ ಹೋಯಿತು. ಇಂಥ ದೋಣಿ ಕೂತಾಗ ಎಷ್ಟು ಗಟ್ಟಿಯೋ, ನಿಂತಾಗ ಅದರ ಅರ್ಧದಷ್ಟೂ ಉಳಿಯುವುದಿಲ್ಲ. ಒಬ್ಬರೂ ಹೊಸದಾಗಿ ಹತ್ತಲಿಲ್ಲ, ಅಲೆ ಏಳಲಿಲ್ಲ, ಗಾಳಿ ಬೀಸಲಿಲ್ಲ. ಬರೀ ಎದ್ದು ನಿಂತದ್ದಷ್ಟೇ.

ಹಾಗೆ ನಿಂತಿರುವಾಗ ಐದು ಜನ ಒಂದು ಮೀಟರ್ ಆಚೆಗೆ ಸರಿದರು, ಫೋಟೊ ತೆಗೆಯಲು. ಅಂದಾಜಿನ ಲೆಕ್ಕದಲ್ಲಿ ಆ ಬದಿಯ ಅಂಚು 40 ಸೆಂಟಿಮೀಟರ್ ಕೆಳಗಿಳಿಯುತ್ತದೆ. ತುಂಬಿದ ದೋಣಿಯ ಅಂಚು ನೀರಿನಿಂದ ಎಷ್ಟು ಮೇಲಿರುತ್ತದೆ? ಎಷ್ಟೋ ಕಡೆ ಒಂದು ಗೇಣು. ಉಳಿದದ್ದನ್ನು ನೀವೇ ಊಹಿಸಿ.

ನೀರು ಒಳಗೆ ಬಂದ ಮೇಲೆ ಇನ್ನೊಂದು ಕತೆ. ದೊಡ್ಡ ಪರಾತದಲ್ಲಿ ಎರಡು ಬೆರಳು ನೀರು ಹಾಕಿ ಎತ್ತಿಕೊಂಡು ನಡೆಯಿರಿ. ಸ್ವಲ್ಪ ಓರೆಯಾದರೆ ನೀರೆಲ್ಲ ಅದೇ ಕಡೆ ನುಗ್ಗಿ ಇನ್ನಷ್ಟು ಓರೆ ಮಾಡುತ್ತದೆ. ಅದೇ ನೀರು ಕೊಡದಲ್ಲಿದ್ದರೆ ಹಾಗಾಗುವುದಿಲ್ಲ. ದೋಣಿಯ ತಳದಲ್ಲಿ ನಿಂತ ನೀರು ಪರಾತದ ನೀರು. 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗ್ ಬಂದರಿನಿಂದ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ದೊಡ್ಡ ಹಡಗಿನ ಮುಂದಿನ ಬಾಗಿಲು ಮುಚ್ಚಿರಲಿಲ್ಲ. ಕಾರುಗಳನ್ನು ನಿಲ್ಲಿಸುವ ಅಗಲವಾದ ಅಂತಸ್ತಿನ ಮೇಲೆ ನೀರು ಹರಡಿಕೊಂಡಿತು. ಕೆಲವೇ ನಿಮಿಷಗಳಲ್ಲಿ ಹಡಗು ಮಗ್ಗುಲಾಯಿತು, 193 ಜನ ಸತ್ತರು. ನಮ್ಮ ದೋಣಿಯಲ್ಲಿ ‘ಸ್ವಲ್ಪ ನೀರು ಐತೆ, ಏನಾಗಲ್ಲ’ ಎನ್ನುವವರಿಗೆ ಇದನ್ನು ಹೇಳಬೇಕು. ಡಬ್ಬಿ ಹಿಡಿದು ನೀರು ಮೊಗೆಯುವ ಹುಡುಗನ ಕೆಲಸ ಚಿಲ್ಲರೆ ಕೆಲಸವಲ್ಲ. ತಳದ ನಡುವೆ ಉದ್ದಕ್ಕೆ ಒಂದು ಅಡ್ಡ ಹಲಗೆ ಬಿಗಿಯಾಗಿ ಕೂರಿಸಿ ನೀರಿನ ಜಾಗವನ್ನು ಎರಡು ಮಾಡಿದರೂ ಸಾಕು, ಆ ಕಾಟ ಕಾಲು ಭಾಗಕ್ಕೆ ಇಳಿಯುತ್ತದೆ.

ಈ ಜ್ಞಾನ ಇದ್ದೂ ಹಡಗು ಮುಳುಗಿಸಿದವರು ಬಹಳ ಮಂದಿ. ನನಗೆ ಇವುಗಳಲ್ಲಿ ಎರಡು ಕತೆ ಮರೆಯಲಾಗದಂಥವು.

ಮೊದಲನೆಯದು ಸ್ವೀಡನ್ನಿನ ‘ವಾಸಾ’. ರಾಜನ ಹೆಮ್ಮೆಯ ಯುದ್ಧನೌಕೆ. ಎರಡು ಅಂತಸ್ತಿನಲ್ಲಿ ಭಾರೀ ಫಿರಂಗಿಗಳು. ಹೊರಡುವ ಮೊದಲು ಒಂದು ಪರೀಕ್ಷೆ ಮಾಡಿದರು: 30 ನಾವಿಕರು ಹಡಗಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಬೇಕು. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ತೂಗಾಡಿತೆಂದರೆ, ಇಲ್ಲೇ ಮಗುಚೀತು ಎಂದು ಪರೀಕ್ಷೆಯನ್ನೇ ನಿಲ್ಲಿಸಿದರು. ಹಡಗನ್ನು ನಿಲ್ಲಿಸಲಿಲ್ಲ! ರಾಜ ಯುದ್ಧದಲ್ಲಿದ್ದ, ಬೇಗ ಕಳಿಸಿ ಎನ್ನುತ್ತಿದ್ದ, ಹೇಳುವ ಧೈರ್ಯ ಯಾರಿಗಿತ್ತು? 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಿಂದ ಹೊರಟ ವಾಸಾ ಸುಮಾರು 1,300 ಮೀಟರ್ ಹೋಗುವಷ್ಟರಲ್ಲಿ ಒಂದು ಗಾಳಿಗೆ ವಾಲಿ, ಫಿರಂಗಿ ಕಿಂಡಿಗಳಲ್ಲಿ ನೀರು ನುಗ್ಗಿ ಮುಳುಗಿತು. ಜನ ದಡದಲ್ಲಿ ನಿಂತು ನೋಡುತ್ತಿದ್ದರು. 1961ರಲ್ಲಿ ಅದನ್ನು ಮೇಲೆತ್ತಿ ಈಗ ಮ್ಯೂಸಿಯಂ ಮಾಡಿದ್ದಾರೆ.

ಎರಡನೆಯದು ಅಮೆರಿಕದ ಶಿಕಾಗೊ. 1915ರ ಜುಲೈ 24ರ ಬೆಳಗ್ಗೆ ಒಂದು ಕಾರ್ಖಾನೆಯ ಕೆಲಸಗಾರರು ಹೆಂಡತಿ ಮಕ್ಕಳ ಜತೆ ಪಿಕ್ನಿಕ್ ಹೊರಟಿದ್ದರು. ‘ಈಸ್ಟ್‌ಲ್ಯಾಂಡ್’ ಎಂಬ ಹಡಗಿನಲ್ಲಿ ಸುಮಾರು 2,500 ಜನ. ಹಡಗು ಇನ್ನೂ ದಕ್ಕೆಯಲ್ಲೇ ಇತ್ತು. ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ ವಾಲಿತು, ಕೊನೆಗೆ ನದಿಯಲ್ಲಿ ಮಗ್ಗುಲಾಗಿ ಮಲಗಿಬಿಟ್ಟಿತು. ದಡ ಬರೀ 20 ಅಡಿ ದೂರ. ನೀರಿನ ಆಳವೂ ಅಷ್ಟೇ. 844 ಜನ ಸತ್ತರು. ಆ ಹಡಗು ಮೊದಲೇ ತಲೆಭಾರದ್ದು. ಟೈಟಾನಿಕ್ ದುರಂತದ ನಂತರ ಪ್ರಯಾಣಿಕರ ರಕ್ಷಣೆಗೆಂದು ಹೊಸ ಕಾನೂನು ಬಂತು, ಆ ಕಾನೂನಿಗಾಗಿ ಅದೇ ತಿಂಗಳು ಹಡಗಿನ ಮೇಲಂತಸ್ತಿಗೆ ಹೆಚ್ಚುವರಿ ಜೀವರಕ್ಷಕ ದೋಣಿ, ತೆಪ್ಪಗಳನ್ನು ಹೇರಿದ್ದರು. ಜೀವ ಉಳಿಸಲು ಇಟ್ಟ ಸಾಮಾನಿನ ಭಾರವೇ ಜೀವ ತೆಗೆಯಲು ನೆರವಾಯಿತು. ಮೇಲೆ ಏನು ಹೇರಿದರೂ ಮತ್ತೆ ಅಳೆಯಬೇಕು ಎಂಬ ಸಣ್ಣ ಕೆಲಸ ಯಾರೂ ಮಾಡಲಿಲ್ಲ. 2014ರಲ್ಲಿ ದಕ್ಷಿಣ ಕೊರಿಯಾದ ‘ಸೆವೋಲ್’ ಹಡಗಿನಲ್ಲೂ ಇದೇ: ಮೇಲೆ ಹೊಸ ಕೋಣೆಗಳು, ಮಿತಿ ಮೀರಿದ ಸರಕು, ತಳದಲ್ಲಿರಬೇಕಾದ ಭಾರದ ನೀರು ಕಡಿಮೆ. 304 ಸಾವು, ಹೆಚ್ಚಿನವರು ಪ್ರವಾಸ ಹೊರಟ ಶಾಲಾ ಮಕ್ಕಳು.

ನಮ್ಮ ಕಡೆ ದೋಣಿಗಳಿಗೆ ಏನೇನು ಮಾಡುತ್ತೇವೆ ಎಂದು ಈಗ ಯೋಚಿಸಿ. ಬಿಸಿಲಿಗೆಂದು ಮೇಲೆ ತಗಡಿನ ಮಾಡು ಹಾಕುತ್ತೇವೆ. ಪ್ರವಾಸಿಗರು ಹೆಚ್ಚಾದರೆ ಆ ಮಾಡಿನ ಮೇಲೇ ನಾಲ್ಕು ಕುರ್ಚಿ ಹಾಕುತ್ತೇವೆ. ಹಳೆಯ ಎಂಜಿನ್ ತೆಗೆದು ಹೊಸದು ಕೂರಿಸುತ್ತೇವೆ. ಮರದ ದೋಣಿ ಬಿಟ್ಟು ಫೈಬರ್ ದೋಣಿ ತರುತ್ತೇವೆ. ಮಾಡು ಹಾಕಿದ ದೋಣಿ ಮೊದಲಿನ ದೋಣಿ ಅಲ್ಲ, ಬೇರೆ ದೋಣಿ. ಫೈಬರ್ ದೋಣಿಯ ವಿಷಯ ಇನ್ನೂ ಸೂಕ್ಷ್ಮ. ಆಚಾರಿ ಕಟ್ಟಿದ ಮರದ ದೋಣಿ ತಾನೇ ಭಾರ, ಆ ಭಾರ ತಳದಲ್ಲಿ ಕೂತಿರುತ್ತಿತ್ತು. ಫೈಬರ್ ಹಗುರ. ಅದರಲ್ಲಿ ಒಟ್ಟು ಭಾರದ ಹೆಚ್ಚಿನ ಪಾಲು ಜನರದ್ದೇ. ಜನ ಎದ್ದರೆ ಭಾರದ ಕೇಂದ್ರವೂ ಹಾಗೆಯೇ ಎದ್ದುಬಿಡುತ್ತದೆ. ಮೂವತ್ತು ವರ್ಷ ಮರದ ದೋಣಿ ನಡೆಸಿದ ಅಂಬಿಗನ ಅನುಭವ ಬೆಲೆಬಾಳುವಂಥದ್ದೇ, ಆದರೆ ಅದು ಮರದ ದೋಣಿಯ ಅನುಭವ.

ಆ ಅನುಭವದಲ್ಲೂ ಒಂದು ಮೋಸವಿದೆ. ಮೆಲ್ಲಗೆ, ತೊಟ್ಟಿಲಿನ ಹಾಗೆ ತೂಗುವ ದೋಣಿ ನಮಗೆ ಹಿತ. ಗಡಗಡ ಎಂದು ಬೇಗ ಬೇಗ ಅಲ್ಲಾಡುವ ದೋಣಿ ಕಂಡರೆ ಭಯ. ಶಾಸ್ತ್ರ ಹೇಳುವುದು ಇದಕ್ಕೆ ತದ್ವಿರುದ್ಧ. ಬೇಗ ಅಲ್ಲಾಡಿ ಬೇಗ ನೆಟ್ಟಗಾಗುವ ದೋಣಿ ಗಟ್ಟಿ. ವಾಲಿ, ಅಲ್ಲೇ ಒಂದು ಗಳಿಗೆ ನಿಂತು, ಬೇಕೋ ಬೇಡವೋ ಎಂಬಂತೆ ವಾಪಸು ಬರುವ ದೋಣಿ ಅಪಾಯದ್ದು. ಮೇಲೆ ಹೇಳಿದ 2 ಮೀಟರ್ ಅಗಲದ ದೋಣಿ ಜನ ಕೂತಾಗ ಒಂದು ಸಲ ಆ ಕಡೆ ಈ ಕಡೆ ತೂಗಿ ಬರಲು ಎರಡು ಸೆಕೆಂಡಿಗಿಂತ ಕಡಿಮೆ ಸಾಕು. ನಿಂತಾಗ ಎರಡೂವರೆ ಸೆಕೆಂಡ್ ದಾಟುತ್ತದೆ. ದಿನಾ ಹೋಗುವ ದೋಣಿ ಇವತ್ತು ಯಾಕೋ ನಿಧಾನವಾಗಿ ತೂಗುತ್ತಿದೆ ಅನಿಸಿದರೆ ಕೂಡಲೇ ಕೂತುಕೊಳ್ಳಿ, ಪಕ್ಕದವರನ್ನೂ ಕೂರಿಸಿ.

ಹಾಗಾದರೆ ಒಂದು ದೋಣಿಗೆ ಎಷ್ಟು ಜನ ಎಂದು ಹೇಳುವುದು ಹೇಗೆ? ಇದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ. ವಾಲಿಸಿ ನೋಡುವ ಪರೀಕ್ಷೆ ಎಂದು ಒಂದಿದೆ, ದೊಡ್ಡ ಹಡಗುಗಳಿಗೆ ಇಂದಿಗೂ ಮಾಡುವುದು ಅದನ್ನೇ. ನಿಶ್ಚಲ ನೀರಿನಲ್ಲಿ ದೋಣಿ ನಿಲ್ಲಿಸಬೇಕು. ಜನರ ಬದಲು ಅಷ್ಟೇ ತೂಕದ ಮರಳು ಚೀಲ ಇಡಬೇಕು, ಜನ ಇರುವಷ್ಟೇ ಎತ್ತರದಲ್ಲಿ. ಗೋಡೆ ನೆಟ್ಟಗಿದೆಯೇ ಎಂದು ಗಾರೆ ಮೇಸ್ತ್ರಿ ಇಳಿಬಿಡುತ್ತಾನಲ್ಲ, ಆ ದಾರ ಮತ್ತು ಗುಂಡನ್ನು ದೋಣಿಯಲ್ಲಿ ತೂಗುಬಿಡಬೇಕು. ಆಮೇಲೆ 50 ಕೆ.ಜಿ.ಯ ಎರಡು ಚೀಲಗಳನ್ನು ಒಂದು ಮೀಟರ್ ಪಕ್ಕಕ್ಕೆ ಸರಿಸಿ ದಾರ ಎಷ್ಟು ಸರಿಯಿತು ಎಂದು ಸ್ಕೇಲಿನಲ್ಲಿ ನೋಡಬೇಕು. ನಮ್ಮ ಲೆಕ್ಕದ ದೋಣಿಯಲ್ಲಿ ಭಾರ ತಳದಲ್ಲಿದ್ದರೆ ಒಂದು ಮೀಟರ್ ದಾರ ಸುಮಾರು 7 ಸೆಂಟಿಮೀಟರ್ ಸರಿಯುತ್ತದೆ, ನಿಂತ ಜನರಷ್ಟು ಎತ್ತರದಲ್ಲಿದ್ದರೆ 15. ಸರಿದಷ್ಟೂ ದೋಣಿ ಅಪಾಯಕ್ಕೆ ಹತ್ತಿರ. ಲೆಕ್ಕ ಹಾಕಲು ಒಬ್ಬ ಎಂಜಿನಿಯರ್, ಚೀಲ ಹೊರಲು ನಾಲ್ಕು ಜನ, ಅರ್ಧ ದಿನದ ಕೆಲಸ.

ಅದು ಮುಗಿದ ಮೇಲೆ ದೋಣಿಯ ಹೊರಮೈಗೆ ಒಂದು ಗೆರೆ ಬಳಿಯಬೇಕು. ನೀರು ಆ ಗೆರೆ ಮುಟ್ಟಿತೋ, ಮುಗಿಯಿತು, ಇನ್ನೊಬ್ಬರು ಹತ್ತುವ ಹಾಗಿಲ್ಲ. ಓದು ಬಾರದವರಿಗೂ ಅರ್ಥವಾಗುತ್ತದೆ. ಪಣಂಬೂರಿನ ಬಂದರಿಗೆ ಬರುವ ಸರಕು ಹಡಗುಗಳ ಪಕ್ಕದಲ್ಲಿ ಒಂದು ವೃತ್ತ, ಅದರ ನಡುವೆ ಅಡ್ಡಗೆರೆ ನೋಡಿರಬಹುದು. ಇಂಗ್ಲೆಂಡಿನ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿ ತಂದ ಗೆರೆ ಅದು. ಆ ಕಾಲದಲ್ಲಿ ಕೆಲವು ಮಾಲೀಕರು ವಿಮೆ ಇದೆಯಲ್ಲ ಎಂದು ಹಳೆ ಹಡಗಿಗೆ ಕಂಠಮಟ್ಟ ಹೇರಿ ಕಳಿಸುತ್ತಿದ್ದರು. ಮುಳುಗಿದರೆ ಹೋಗುತ್ತಿದ್ದುದು ನಾವಿಕರ ಜೀವ. 1876ರಲ್ಲಿ ಗೆರೆ ಕಡ್ಡಾಯವಾಯಿತು. ತಮಾಷೆ ಎಂದರೆ ಗೆರೆಯನ್ನು ಎಲ್ಲಿ ಬಳಿಯಬೇಕು ಎಂಬುದನ್ನು ಮಾಲೀಕರಿಗೇ ಬಿಟ್ಟಿದ್ದರು! ಅದನ್ನು ಕಾನೂನು ನಿಗದಿ ಮಾಡಲು 1890 ಬರಬೇಕಾಯಿತು. ಗೆರೆ ಎಳೆಯುವುದಕ್ಕಿಂತ, ಅಳೆದು ಎಳೆಯುವುದು ಮುಖ್ಯ ಎಂಬುದಕ್ಕೆ ಈ ಉದಾಹರಣೆ ಸಾಕು.

ಅಳೆಯುವವರು ನಮ್ಮಲ್ಲಿ ಇಲ್ಲವೇ? ಇದ್ದಾರೆ. ಸುರತ್ಕಲ್ಲಿನ ಎನ್‌ಐಟಿಕೆ ಸಮುದ್ರದ ದಡದಲ್ಲೇ ಇದೆ, ಅಲ್ಲಿ ಸಾಗರ ಎಂಜಿನಿಯರಿಂಗ್ ಕಲಿಸುವ ವಿಭಾಗವಿದೆ, ಅಲೆ ಎಬ್ಬಿಸಿ ತಡೆಗೋಡೆಯ ಮಾದರಿಗಳನ್ನು ಪರೀಕ್ಷಿಸುವ ಉದ್ದನೆಯ ತೊಟ್ಟಿಯಿದೆ. ಚೆನ್ನೈನ ಐಐಟಿಯಲ್ಲಿ ಹಡಗಿನ ಮಾದರಿಗಳನ್ನು ನೀರಿನಲ್ಲಿ ಎಳೆದು ನೋಡುವ ತೊಟ್ಟಿಯಿದೆ. ಕೊಚ್ಚಿಯಲ್ಲಿ ಮೀನುಗಾರಿಕೆ ದೋಣಿಗಳ ವಿನ್ಯಾಸವನ್ನೇ ಮಾಡುವ ಕೇಂದ್ರ ಸಂಸ್ಥೆಯಿದೆ. ಇಂಥ ತೊಟ್ಟಿಯಲ್ಲಿ ಮಾದರಿ ಎಳೆದು ದೊಡ್ಡ ಹಡಗಿನ ಗುಣ ಹೇಳುವ ವಿದ್ಯೆಗೆ ತಳಪಾಯ ಹಾಕಿದವನು ವಿಲಿಯಂ ಫ್ರೌಡ್. 1870ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ತನ್ನ ಮನೆ ಹತ್ತಿರವೇ ತೊಟ್ಟಿ ಕಟ್ಟಿಸಿ, ಮೇಣದಲ್ಲಿ ಮಾಡಿದ ಪುಟ್ಟ ಹಡಗುಗಳನ್ನು ಎಳೆದು ನೋಡಿದ. ಹಡಗು ಅಲೆಯಲ್ಲಿ ಯಾಕೆ ಉರುಳಾಡುತ್ತದೆ ಎಂದು ವಿವರಿಸಿದವನೂ ಅವನೇ.

ತಡೆಗೋಡೆ, ಬಂದರು, ದೊಡ್ಡ ಹಡಗಿನ ಸಂಶೋಧನೆ ಬೇಡ ಎನ್ನುತ್ತಿಲ್ಲ. ಉಳ್ಳಾಲದಲ್ಲಿ ಕಡಲು ಮನೆ ನುಂಗುವುದನ್ನು ಕಂಡವರು ಹಾಗೆ ಹೇಳಲಾರರು. ನನ್ನ ತಕರಾರು ಇಷ್ಟೇ: ಪ್ರಬಂಧ ಪ್ರಕಟವಾದರೆ ಪ್ರಾಧ್ಯಾಪಕರಿಗೆ ಬಡ್ತಿ ಸಿಗುತ್ತದೆ, 40 ದೋಣಿಗೆ ಗೆರೆ ಎಳೆಸಿದರೆ ಏನೂ ಸಿಗುವುದಿಲ್ಲ. ಕಡವಿನ ದೋಣಿಯಲ್ಲಿ ಹೊಸ ಸಂಶೋಧನೆಗೆ ಏನಿದೆ ಎಂದು ಅವರು ಕೇಳಬಹುದು. ಹೊಸದೇನೂ ಇಲ್ಲದಿರುವುದೇ ಇದರಲ್ಲಿರುವ ಅನುಕೂಲ, ಎಲ್ಲ ಆಗಲೇ ಗೊತ್ತಿರುವ ವಿಷಯ. ಕೊನೆಯ ವರ್ಷದ ವಿದ್ಯಾರ್ಥಿಗಳು ಮಾಡುವ ಪ್ರಾಜೆಕ್ಟ್‌ಗಳಲ್ಲಿ ಎಷ್ಟೋ ಕಪಾಟು ಸೇರುತ್ತವೆ. ಒಂದು ತಂಡಕ್ಕೆ ಒಂದು ತಾಲೂಕಿನ ಕಡವುಗಳನ್ನು ಕೊಟ್ಟು ನೋಡಿ.

ನೀರಿನ ಶಕ್ತಿಯ ವಿಷಯದಲ್ಲಿ ನಮ್ಮ ಜನ ಇದನ್ನು ಮಾಡಿ ತೋರಿಸಿದ್ದಾರೆ. ಕೇರಳದ ವಿಳಿಂಜಂನಲ್ಲಿ 1991ರಲ್ಲಿ ಸಮುದ್ರದ ಅಲೆಯಿಂದ ಕರೆಂಟು ತೆಗೆಯುವ 150 ಕಿಲೋವ್ಯಾಟ್ ಘಟಕ ಶುರುವಾಯಿತು, ಜಗತ್ತೇ ತಿರುಗಿ ನೋಡಿದ ಪ್ರಯೋಗ. ಈಗ ಅದು ನಿಂತಿದೆ. ಆದರೆ ಮಲೆನಾಡಿನಲ್ಲಿ ಕಂಬ ಬಾರದ ಒಂಟಿ ಮನೆಗಳ ಹಿಂದೆ, ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ ಪುಟ್ಟ ಚಕ್ರ ತಿರುಗಿಸಿ ಬಲ್ಬು ಹೊತ್ತಿಸಿಕೊಂಡವರು ಎಷ್ಟು ಮಂದಿ! ಸೆಕೆಂಡಿಗೆ 5 ಲೀಟರ್ ನೀರು, 20 ಮೀಟರ್ ಇಳಿಜಾರು ಇದ್ದರೆ ಅರ್ಧ ವ್ಯರ್ಥವಾದರೂ 500 ವ್ಯಾಟ್ ಸಿಗುತ್ತದೆ. ಅಲ್ಲಿನ ರೈತರು ಬಕೆಟ್ ಹಿಡಿದು ಗಡಿಯಾರ ನೋಡಿ ಹಳ್ಳ ಅಳೆದರು. ಹಳ್ಳ ಅಳೆಯಲು ಬಂದವರಿಗೆ ದೋಣಿ ಅಳೆಯುವುದು ಕಷ್ಟವೇ?

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಲೈಫ್ ಜಾಕೆಟ್ ಇದ್ದರೆ ಸಾಲದೇ ಎನ್ನುತ್ತಾರೆ. ಜಾಕೆಟ್ ಬೇಕೇ ಬೇಕು, ಹಾಕಿಕೊಂಡರೆ ಮಾತ್ರ, ಮಕ್ಕಳಿಗೆ ಮಕ್ಕಳ ಅಳತೆಯದ್ದಿದ್ದರೆ ಮಾತ್ರ. ಆದರೆ ಅದು ದೋಣಿ ಮಗುಚಿದ ಮೇಲಿನ ಮಾತು. ಮಾಡು ಹಾಕಿದ, ಪಕ್ಕ ಮುಚ್ಚಿದ ದೋಣಿ ಬೋರಲಾದರೆ ಜಾಕೆಟ್ ತೊಟ್ಟವರನ್ನು ನೀರು ಅದೇ ಮಾಡಿಗೆ ಒತ್ತಿ ಹಿಡಿಯುತ್ತದೆ.

ದೋಣಿಯವರ ಹೊಟ್ಟೆಪಾಡಿನ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಕಡವನ್ನು ಹರಾಜಿನಲ್ಲಿ ಹಿಡಿದವನು ಮೊದಲೇ ದುಡ್ಡು ಕಟ್ಟಿರುತ್ತಾನೆ. ಡೀಸೆಲ್ ಬೆಲೆ ನಿಮಗೆ ಗೊತ್ತೇ ಇದೆ. ವರ್ಷವಿಡೀ ಅಷ್ಟಕ್ಕಷ್ಟೆ, ಜಾತ್ರೆಯ ಎರಡು ದಿನವೇ ಸುಗ್ಗಿ. ಆ ದಿನ 30 ಜನರ ಬದಲು 18 ಜನರನ್ನು ಕೂರಿಸು ಎಂದರೆ ನಷ್ಟ ಯಾರು ತುಂಬುತ್ತಾರೆ? ಈ ಪ್ರಶ್ನೆಗೆ ಉತ್ತರ ಕೊಡದೆ ಬರೀ ಗೆರೆ ಎಳೆದರೆ ಗೆರೆ ನೀರಿನೊಳಗೇ ಇರುತ್ತದೆ. ಜಾತ್ರೆಯ ದಿನಕ್ಕೆ ಟಿಕೆಟ್ ದರವನ್ನು ಗೆರೆಯ ಲೆಕ್ಕದ ಮೇಲೆ ನಿಗದಿ ಮಾಡಬೇಕು. ಟಿಕೆಟ್ ದಡದಲ್ಲೇ, ದೇವಸ್ಥಾನ ಸಮಿತಿಯೋ ಪಂಚಾಯಿತಿಯೋ ಕೊಡಬೇಕು, ದೋಣಿಯವನ ಕೈಗೆ ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು ಹೋಗಬೇಕು, ತಲೆ ಲೆಕ್ಕದಲ್ಲಲ್ಲ. ತಲೆಗಿಷ್ಟು ಎಂದ ಕೂಡಲೇ ಇನ್ನೊಂದು ತಲೆ ಹತ್ತಿಸುವ ಆಸೆ ಯಾರಿಗಾದರೂ ಬರುತ್ತದೆ. ಟಿಕೆಟ್ ಹತ್ತು ರೂಪಾಯಿ ಜಾಸ್ತಿಯಾದರೆ ಕೊಡಲು ನಾವೂ ತಯಾರಿರಬೇಕು.

ಕಾನೂನು ಇಲ್ಲವೇ ಎಂದರೆ, ಇದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರಲ್ಲಿ ಒಳನಾಡು ನೌಕೆಗಳ ಹೊಸ ಕಾಯ್ದೆ ಬಂತು. ಎಂಜಿನ್ ಇರುವ ದೋಣಿಗೆ ನೋಂದಣಿ, ತಪಾಸಣೆ ಬೇಕು. ಹುಟ್ಟು ಹಾಕುವ, ಎಂಜಿನ್ ಇಲ್ಲದ ದೋಣಿಗಳನ್ನೂ ಅದು ಬಿಟ್ಟಿಲ್ಲ. ಅವನ್ನು ಪಟ್ಟಿ ಮಾಡುವ ಕೆಲಸವನ್ನು ರಾಜ್ಯ ಸರ್ಕಾರ ಜಿಲ್ಲೆ, ತಾಲೂಕು, ಗ್ರಾಮ ಮಟ್ಟದ ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ಅವಕಾಶ ಇದೆ. ಅಂದರೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ದೋಣಿಗಳ ಪಟ್ಟಿಯೊಂದು ಇರಬಹುದಾದ ದಾರಿ ತೆರೆದಿದೆ. ನಾಯಿಗೂ ಲೈಸೆನ್ಸ್ ಕೊಡುವ ಪುಸ್ತಕ ಇಡುವವರು ಇದಕ್ಕೂ ಒಂದು ಪುಸ್ತಕ ಇಡಲಿ.

ಎಲ್ಲ ಕಡೆ ಸೇತುವೆ ಬರಲಿ, ಆಗ ದೋಣಿಯ ತಂಟೆಯೇ ಇಲ್ಲ ಎನ್ನುವವರಿದ್ದಾರೆ. ಸಿಗಂದೂರಿಗೆ 2025ರಲ್ಲಿ ಸೇತುವೆ ಬಂತು, ಬಸ್ಸುಗಳನ್ನೇ ಹೊತ್ತು ದಾಟಿಸುತ್ತಿದ್ದ ಲಾಂಚಿನ ಕಾಲ ಮುಗಿಯಿತು. ಒಳ್ಳೆಯದೇ. ಶರಾವತಿಯ ಜನ ಅದಕ್ಕಾಗಿ ಕಾದದ್ದು ದಶಕಗಳು. ಸೇತುವೆ ಬರುವ ತನಕ ಹೊಳೆ ದಾಟುವುದನ್ನು ಯಾರೂ ನಿಲ್ಲಿಸುವುದಿಲ್ಲ. ಶಾಲೆಗೆ ಹೋಗುವ ಮಕ್ಕಳು, ಡೇರಿಗೆ ಹಾಲು ಒಯ್ಯುವವರು, ರೇಷನ್ ತರುವವರು ನಾಳೆ ಬೆಳಗ್ಗೆಯೂ ದಾಟುತ್ತಾರೆ. ದ್ವೀಪದ ಜಾತ್ರೆಗಂತೂ ಸೇತುವೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಮಳೆಗಾಲ ಕಳೆದು ಹೊಳೆ ತಿಳಿಯಾದ ಮೇಲೆ ಸಂಕ್ರಾಂತಿಯ ಹೊತ್ತಿಗೆ ಜಾತ್ರೆಗಳು ಶುರುವಾಗುತ್ತವೆ. ಅದಕ್ಕೂ ಮೊದಲು ಒಂದು ಗ್ರಾಮಸಭೆ ನಡೆಯುತ್ತದೆ. ಕಡವು ಇರುವ ಊರಿನವರು ಅಲ್ಲಿ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ನಮ್ಮ ಊರಿನ ಪಟ್ಟಿಯಲ್ಲಿ ಎಷ್ಟು ದೋಣಿ ಇವೆ? ಒಂದೊಂದರಲ್ಲೂ ಎಷ್ಟು ಜನ ಎಂದು ಅಳೆದವರು ಯಾರು, ಯಾವ ದಿನ? ಮಾಡು ಹಾಕಿದ ಮೇಲೆ, ಎಂಜಿನ್ ಬದಲಿಸಿದ ಮೇಲೆ ಮತ್ತೆ ಅಳೆದರೇ? ಪಿಡಿಒ ಅವರು ಗೊತ್ತಿಲ್ಲ ಎಂದರೆ ಅದನ್ನೂ ಬರೆಸಿ. ಆ ಪುಟದ ಫೋಟೊ ತೆಗೆದು ನಮಗೆ ಕಳಿಸಿ, ಊರಿನ ಹೆಸರು ಸಮೇತ ಹಾಕುತ್ತೇವೆ.